ಕಲ್ಲು ಆಮೇಲೆ, ಮೊದಲು ಮೇಸ್ತ್ರಿ

ಕಟ್ಟಡದ ಕಾಗದ: ಓದುಗರ ಪ್ರಶ್ನೆ, ಉಸ್ತುವಾರಿಯ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಅಡುಗೆ ಕಟ್ಟೆಯವೇ. ಹಾಗಾಗಿ ತಾರಸಿ ಸೋರುವವರು ಮುಂದಿನ ಸಂಚಿಕೆಯವರೆಗೆ ದಯವಿಟ್ಟು ಬಕೆಟ್ ಇಟ್ಟುಕೊಂಡಿರಿ, ಈ ಸಲ ಪೂರಾ ಗ್ರಾನೈಟ್. ರೇಟು ಎಷ್ಟು ಅಂತ ಕೇಳಿದವರು ಬಹಳ ಮಂದಿ. ಅದು ಊರಿಂದೂರಿಗೆ ಬೇರೆ, ಕಲ್ಲಿಂದ ಕಲ್ಲಿಗೆ ಬೇರೆ. ನಾನೊಂದು ಅಂಕಿ ಬರೆದರೆ ನೀವು ಅದನ್ನು ಹಿಡಿದು ಅಂಗಡಿಯಲ್ಲಿ ಜಗಳಕ್ಕೆ ನಿಲ್ಲುತ್ತೀರಿ, ಬೇಡ.

ಪ್ರಶ್ನೆ: ಮನೆ ಕಟ್ಟಿಸುತ್ತಿದ್ದೇವೆ. ಗ್ರಾನೈಟ್ ಅಂಗಡಿಯವರು ‘ಕೂರಿಸೋಕೆ ನಮ್ಮ ಹುಡುಗರನ್ನೇ ಕಳಿಸ್ತೀವಿ’ ಅನ್ನುತ್ತಾರೆ. ನಮ್ಮ ಗಾರೆ ಮೇಸ್ತ್ರಿ ‘ಅವರ್ಯಾಕೆ ಮೇಡಂ, ನಾನೇ ಮಾಡಿಕೊಡ್ತೀನಿ’ ಅನ್ನುತ್ತಾರೆ. ಹಿಂದಿನ ರಸ್ತೆಯವರು ಇನ್ನೊಬ್ಬರ ನಂಬರ್ ಕೊಟ್ಟಿದ್ದಾರೆ, ಅವರ ಕೂಲಿ ಈ ಇಬ್ಬರಿಗಿಂತ ಜಾಸ್ತಿ. ಯಾರಿಗೆ ಕೊಡೋಣ?
— ಒಬ್ಬ ಗೃಹಿಣಿ, ತುಮಕೂರು

ಉತ್ತರ: ಗಾರೆ ಮೇಸ್ತ್ರಿಗೆ ಬೇಜಾರು ಮಾಡಬೇಡಿ, ಕಟ್ಟೆಯ ಕೆಳಗಿನ ಕೆಲಸ ಅವರಿಗೇ ಇರಲಿ. ಇಟ್ಟಿಗೆಯ ಅಡ್ಡಗೋಡೆ ಎಬ್ಬಿಸುವುದು, ಕಡಪ ಚಪ್ಪಡಿ ಹಾಸುವುದು, ರಸಮಟ್ಟ ಇಟ್ಟು ಸರಿ ಮಾಡುವುದು ಅವರ ಕಸುಬು. ಗ್ರಾನೈಟ್ ಕೊಯ್ದು ಅಂಚು ಗುಂಡಗೆ ಮಾಡುವುದಕ್ಕೆ ಬೇರೆ ಕೈ ಬೇಕು. ನಂಬಿಕೆ ಬರದಿದ್ದರೆ ‘ಅಂಚಿನ ಪಾಲಿಷ್‌ಗೆ ಯಾವ ಯಾವ ಪ್ಯಾಡ್ ಇದೆ ನಿಮ್ಮ ಹತ್ತಿರ?’ ಅಂತ ಕೇಳಿ ನೋಡಿ. ಕಲ್ಲಿನ ಕೆಲಸದವರ ಚೀಲದಲ್ಲಿ 50ನೇ ನಂಬರಿನ ಒರಟು ಪ್ಯಾಡಿನಿಂದ 3000ದ ನಯ ಪ್ಯಾಡಿನವರೆಗೆ ಒಂದು ಸಾಲೇ ಇರುತ್ತದೆ. ಟೈಲ್ಸ್ ಕೊಯ್ಯುವ ಮಷಿನ್ ಒಂದನ್ನೇ ತೋರಿಸಿದರೆ, ಅಂಚು ಹೊಳೆಯುವುದು ಮೇಣ ಹಚ್ಚಿದ ವಾರ ಮಾತ್ರ.

ಅಂಗಡಿಯ ಹುಡುಗರಲ್ಲಿ ಒಳ್ಳೆಯ ಕೆಲಸಗಾರರು ಇಲ್ಲವೆಂದಲ್ಲ. ತೊಡಕು ಏನೆಂದರೆ, ಕಲ್ಲು ಮಾರಾಟವಾಗುವ ತನಕ ಅವರು ‘ನಮ್ಮ ಹುಡುಗರು’. ಕಲ್ಲು ಒಡೆದ ದಿನ ‘ಅವರ ಲೆಕ್ಕ ಬೇರೆ, ನೀವೇ ಮಾತಾಡ್ಕೊಳ್ಳಿ’. ಕೂರಿಸುವ ಕೂಲಿಯನ್ನೂ ಸೇರಿಸಿ ಅಂಗಡಿಯ ಬಿಲ್ಲಿನಲ್ಲೇ ಬರೆದುಕೊಡುತ್ತಾರಾ ಕೇಳಿ. ಬರೆದುಕೊಟ್ಟರೆ ಅವರನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ, ತಲೆ ಕೆರೆದುಕೊಂಡರೆ ಬಿಡಿ.

ಇನ್ನು ಜಾಸ್ತಿ ಕೂಲಿಯ ಆ ಮೂರನೆಯವರು. ಕೆಲಸ ತೋರಿಸಿ ಅಂದರೆ ಎಲ್ಲರೂ ಮೊಬೈಲ್ ತೆಗೆಯುತ್ತಾರೆ. ಫೋಟೋದಲ್ಲಿ ಯಾವ ಕಟ್ಟೆಯೂ ಚೆಂದವೇ. ಎರಡು ಮಳೆಗಾಲ ಕಂಡಿರುವ ಒಂದು ಕಟ್ಟೆ ತೋರಿಸಿ ಅನ್ನಿ. ತಮ್ಮ ಹಳೆಯ ಗಿರಾಕಿಯ ಮನೆಗೆ ನಿಮ್ಮನ್ನು ಕರೆದುಕೊಂಡು ಹೋಗುವ ಧೈರ್ಯ ಇದ್ದರೆ ಅರ್ಧ ಪರೀಕ್ಷೆ ಪಾಸಾದ ಹಾಗೆ. ಅಲ್ಲಿ ಯಜಮಾನರ ಜೊತೆ ಮಾತು ಬೇಡ, ‘ಬಹಳ ಚೆನ್ನಾಗಿ ಮಾಡಿದಾನೆ’ ಅನ್ನುತ್ತಾರೆ, ಪಾಪ, ಆ ಕಟ್ಟೆಯ ಮುಂದೆ ಅವರು ನಿಂತಿದ್ದರೆ ತಾನೆ. ಒಲೆ ಮುಂದೆ ದಿನಾ ನಿಲ್ಲುವವರನ್ನು ಕೇಳಿ.

ಆಮೇಲೆ ನೀವೇ ನೋಡಬೇಕಾದದ್ದು. ಕಟ್ಟೆಯ ಮುಂದಿನ ಅಂಚಿನ ಕೆಳಗೆ ಬೆರಳು ಹಾಕಿ ಈ ತುದಿಯಿಂದ ಆ ತುದಿಗೆ ಎಳೆಯಿರಿ. ಮೇಲೆ ಕನ್ನಡಿಯ ಹಾಗೆ ಮಾಡಿ ಕೆಳಗೆ ಗರಗಸದ ಹಲ್ಲು ಬಿಟ್ಟಿರುವವರು ಬಹಳ, ಅಂಥ ಅಂಚು ಒರೆಸುವ ಬಟ್ಟೆಯನ್ನೂ ಕೈಯನ್ನೂ ಹರಿಯುತ್ತದೆ. ಎರಡು ಕಲ್ಲು ಸೇರುವ ಜಾಯಿಂಟಿನ ಮೇಲೆ ಉಗುರು ಅಡ್ಡ ಎಳೆಯಿರಿ. ಉಗುರು ತಡೆದರೆ ಮಟ್ಟ ತಪ್ಪಿದೆ ಅಂತ ಅರ್ಥ. ಟ್ಯೂಬ್‌ಲೈಟ್ ಹಾಕಿಸಿ, ಕಲ್ಲಿನಲ್ಲಿ ಕಾಣುವ ಅದರ ಗೆರೆ ಜಾಯಿಂಟಿನ ಹತ್ತಿರ ಮುರಿದ ಹಾಗೆ ಕಂಡರೂ ಅದೇ ಕಥೆ. ಆಮೇಲೆ ಸಿಂಕಿನ ಕೆಳಗಿನ ಬಾಗಿಲು ತೆಗೆದು ಟಾರ್ಚ್ ಬಿಟ್ಟು ನೋಡಿ. ಸಿಂಕಿಗಾಗಿ ಕೊಯ್ದ ಕಿಂಡಿಯ ಮೂಲೆಗಳು ಗುಂಡಗಿರಬೇಕು. ಚೌಕ ಮೂಲೆ, ಅದರಾಚೆಗೆ ಬ್ಲೇಡು ಹಾದುಹೋದ ಗೀರು ಕಂಡರೆ ನಮಸ್ಕಾರ ಹೇಳಿ ಬನ್ನಿ. ಯಾಕೆ ಅಂತ ಕೆಳಗೆ ಶಿವಮೊಗ್ಗದವರ ಪತ್ರದಲ್ಲಿದೆ.

ಇಷ್ಟಾದ ಮೇಲೆ ಅವರನ್ನು ನಿಮ್ಮ ಅಡುಗೆಮನೆಗೆ ಕರೆಸಿ, ಸುಮ್ಮನೆ ನಿಂತು ನೋಡಿ. ನನ್ನ ಅನುಭವದಲ್ಲಿ ಒಳ್ಳೆಯ ಮೇಸ್ತ್ರಿ ರೇಟು ಹೇಳುವ ಮೊದಲು ನಾಲ್ಕು ಪ್ರಶ್ನೆ ಕೇಳುತ್ತಾರೆ. ಸಿಂಕ್ ತಂದಿದ್ದೀರಾ? ಒಲೆ ಮೇಲೆ ಇಡುವುದೋ, ಕಲ್ಲಿನೊಳಗೆ ಕೂರುವ ಹಾಬೋ? ಗೋಡೆ ಟೈಲ್ಸ್ ಅಂಟಿಸಿ ಆಯಿತಾ? ನೀರಿನ ಫಿಲ್ಟರಿಗೆ, ನಲ್ಲಿಗೆ ತೂತು ಎಲ್ಲೆಲ್ಲಿ? ಸಿಂಕನ್ನೂ ಹಾಬನ್ನೂ ಕಣ್ಣಲ್ಲಿ ನೋಡದೆ ಕಲ್ಲು ಕೊಯ್ಯಲು ಒಪ್ಪುವವರನ್ನು ನಾನು ಸೈಟಿನೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ‘ಸೈಜ್ ಎಲ್ಲಾ ಒಂದೇ ಬಿಡಿ’ ಅನ್ನುವ ಮಾತಿಗೆ ಬೆಲೆ ಇಲ್ಲ, ಎರಡು ಕಂಪನಿಯ ಇಪ್ಪತ್ತನಾಲ್ಕಿಂಚಿನ ಸಿಂಕುಗಳ ಕಿಂಡಿ ಅಳತೆಯೇ ಬೇರೆ ಬೇರೆ ಇರುತ್ತದೆ.

ನೀವು ಅವರನ್ನು ಕೇಳಬೇಕಾದ್ದು ಮುಖ್ಯವಾಗಿ ಜಾಯಿಂಟ್ ಎಲ್ಲಿ ಬರುತ್ತದೆ ಅಂತ. ಗೋಡೆಯ ಮೇಲೋ ನೆಲದ ಮೇಲೋ ಪೆನ್ಸಿಲಿನಲ್ಲಿ ಬರೆದು ತೋರಿಸಲಿ. ಎಲ್ ಆಕಾರದ ಕಟ್ಟೆಗೆ ಮೂಲೆಯಲ್ಲಿ ಒಂದು ಜಾಯಿಂಟ್ ತಪ್ಪದು. ಆದರೆ ಸಿಂಕಿನ ಮಧ್ಯಕ್ಕೋ ಹಾಬಿನ ಮಧ್ಯಕ್ಕೋ ಜಾಯಿಂಟ್ ತಂದು ಕೂರಿಸುವುದು ಕಲ್ಲು ಉಳಿಸುವ ಉಪಾಯ, ನಿಮ್ಮ ಮನೆಗೆ ಒಳ್ಳೆಯದಲ್ಲ. ಸಿಂಕಿನ ಮುಂದೆ ಕಲ್ಲಿನ ಪಟ್ಟಿ ಎರಡೂವರೆ ಮೂರು ಇಂಚಾದರೂ ಉಳಿಯಲಿ. ಕೊಯ್ಯುವುದು ಎಲ್ಲಿ, ನೀರು ಹಾಕಿಕೊಂಡೇ ಕೊಯ್ಯುತ್ತೀರಾ ಅಂತಲೂ ಕೇಳಿ. ಒಳಗೆ ಕೂತು ಒಣಗೊಯ್ಯುವವರು ನಿಮ್ಮ ಹೊಸ ಗೋಡೆಯನ್ನೂ ತಮ್ಮ ಶ್ವಾಸಕೋಶವನ್ನೂ ಕೆಡಿಸಿಕೊಳ್ಳುತ್ತಾರೆ.

ಹೊರುವ ವಿಷಯವನ್ನು ಯಾರೂ ಮಾತಾಡುವುದಿಲ್ಲ, ಜಗಳ ಆಗುವುದೇ ಅಲ್ಲಿ. ಹದಿನೆಂಟು ಮಿಲಿಮೀಟರ್ ದಪ್ಪದ ಕಲ್ಲು ಚದರಡಿಗೆ ನಾಲ್ಕೂವರೆ ಐದು ಕೆಜಿ ತೂಗುತ್ತದೆ. ಒಂಬತ್ತಡಿ ಉದ್ದ, ಎರಡಡಿ ಅಗಲದ ಒಂದು ತುಂಡೆಂದರೆ ಎಂಬತ್ತು ತೊಂಬತ್ತು ಕೆಜಿ. ಅದನ್ನು ಬಾಗಿಲಿನ ಹಾಗೆ ನಿಲ್ಲಿಸಿ ಹೊರಬೇಕು. ಮಲಗಿಸಿ ಹೊತ್ತರೆ ತನ್ನ ಭಾರಕ್ಕೆ ತಾನೇ ಮಧ್ಯದಲ್ಲಿ ಮುರಿಯುತ್ತದೆ, ಅದೂ ಸಿಂಕಿನ ಕಿಂಡಿ ಮೊದಲೇ ಕೊಯ್ದಿದ್ದರೆ ಕೇಳುವುದೇ ಬೇಡ. ಲಾರಿಯಿಂದ ಇಳಿಸುವಾಗ ಒಡೆದರೆ ಯಾರ ಲೆಕ್ಕ, ಮೆಟ್ಟಿಲು ಹತ್ತಿಸುವಾಗ ಒಡೆದರೆ ಯಾರ ಲೆಕ್ಕ ಅಂತ ಮೊದಲೇ ತೀರ್ಮಾನವಾಗಲಿ.

ಇದನ್ನೆಲ್ಲ ಸ್ಟಾಂಪ್ ಪೇಪರಿನಲ್ಲಿ ಬರೆಸಬೇಕಾಗಿಲ್ಲ. ವಾಟ್ಸಾಪಿನಲ್ಲಿ ನೀವೇ ಒಂದು ಸಂದೇಶ ಹಾಕಿ, ಅವರಿಂದ ‘ಓಕೆ’ ತರಿಸಿಕೊಳ್ಳಿ. ಕೂರಿಸುವ ಕೂಲಿ ಚದರಡಿಗೆ ಇಷ್ಟು, ಅಂಚು ರನ್ನಿಂಗ್ ಅಡಿಗೆ ಇಷ್ಟು, ಸಿಂಕ್ ಕಟಿಂಗ್, ಹಾಬ್ ಕಟಿಂಗ್, ನಲ್ಲಿ ತೂತು ಒಂದೊಂದಕ್ಕೆ ಇಷ್ಟು, ಮರಳು ಸಿಮೆಂಟು ಯಾರದ್ದು, ಕಲ್ಲಿನ ಚೂರು ಹೊರಗೆ ಹಾಕುವುದು ಯಾರು. ದುಡ್ಡು ಮೂರು ಕಂತು ಮಾಡಿ: ಕಲ್ಲು ಕೊಯ್ಯಲು ಕೂತಾಗ ಒಂದು, ಕೂರಿಸಿದ ದಿನ ಒಂದು. ಕೊನೆಯದನ್ನು ಸಿಂಕ್ ತುಂಬ ನೀರು ನಿಲ್ಲಿಸಿ, ಒಂದು ರಾತ್ರಿ ಬಿಟ್ಟು, ಕೆಳಗೆ ಒಣಗಿರುವುದನ್ನು ನೋಡಿ ಕೊಡಿ.

ಮೂರನೆಯವರ ಕೂಲಿ ಜಾಸ್ತಿ ಅಂದಿರಿ. ಕಲ್ಲಿಗೆ ಕೊಡುವ ದುಡ್ಡಿನ ಮುಂದೆ ಆ ವ್ಯತ್ಯಾಸ ಎಷ್ಟು ಅಂತ ಒಂದು ಸಲ ಕೂಡಿ ನೋಡಿ. ಮೇಲಿನದೆಲ್ಲ ಸರಿ ಬಂದರೆ ನಾನಾದರೆ ಅವರಿಗೇ ಕೊಡುತ್ತಿದ್ದೆ.

ಪ್ರಶ್ನೆ: ನಮ್ಮ ಕಟ್ಟೆ ಅಳೆದರೆ 32 ಚದರಡಿ. ಅಂಗಡಿಯವರು 45 ಅಡಿಗೆ ಬಿಲ್ ಮಾಡಿದ್ದಾರೆ. ಮೇಸ್ತ್ರಿಯೂ 45ಕ್ಕೇ ಕೂಲಿ ಕೇಳುತ್ತಿದ್ದಾನೆ. ಮೋಸ ಅಲ್ಲವೇ?
— ಒಬ್ಬ ಶಿಕ್ಷಕರು, ದಾವಣಗೆರೆ

ಉತ್ತರ: ನೀವು ಬರೆದು ಕಳಿಸಿದ ನಕ್ಷೆ ನೋಡಿದೆ. ಒಂದು ಗೋಡೆಗೆ ಒಂಬತ್ತಡಿ, ಮೂಲೆ ಬಿಟ್ಟು ಇನ್ನೊಂದು ಗೋಡೆಗೆ ಏಳಡಿ, ಅಗಲ ಎರಡಡಿ. ಹದಿನೆಂಟು, ಹದಿನಾಲ್ಕು, ಒಟ್ಟು 32. ಸರಿ. ಆದರೆ ನೀವು ಆರಿಸಿದ ಸ್ಲ್ಯಾಬುಗಳು ಒಂಬತ್ತಡಿಗೆ ಎರಡೂವರೆ ಅಡಿಯವು, ಅಂಥವು ಎರಡು ಬೇಕಾಯಿತು. ಅಂಗಡಿಯವರು ಸ್ಲ್ಯಾಬನ್ನು ಇಡಿಯಾಗಿ ಮಾರುತ್ತಾರೆ, ನಿಮ್ಮ ಕಟ್ಟೆ ಎಷ್ಟು ಅಗಲ ಅಂತ ಅವರಿಗೆ ಬೇಕಿಲ್ಲ. ಎರಡು ಸ್ಲ್ಯಾಬಿಗೆ 45 ಚದರಡಿ ನ್ಯಾಯವೇ. ಎರಡಡಿಗೆ ಒಂದೆರಡು ಇಂಚು ಮಾತ್ರ ಜಾಸ್ತಿ ಇರುವ ಅಗಲದ ಸ್ಲ್ಯಾಬ್ ಹುಡುಕಿದ್ದರೆ ಉಳಿಯುತ್ತಿತ್ತು, ‘ಕಟ್ಟರ್ ಸೈಜ್’ ಅನ್ನುವ ಕಡಿಮೆ ಅಗಲದ ಸ್ಲ್ಯಾಬುಗಳಲ್ಲಿ ಸಿಗುತ್ತವೆ.

ಉಳಿದ ಹದಿಮೂರು ಚದರಡಿ ನಿಮ್ಮದು, ಅದನ್ನು ಬಿಟ್ಟುಕೊಡಬೇಡಿ! ಆರಿಂಚಿನ ಪಟ್ಟಿ ಎರಡು ಬಂದಿರುತ್ತವೆ, ಒಂದು ಒಂಬತ್ತಡಿ, ಒಂದು ಏಳಡಿ. ಕಿಟಕಿಯ ಕೆಳಗೆ ಹಾಕಿಸಿ, ಇಲ್ಲವೇ ಮಸಾಲೆ ಡಬ್ಬಿಗಳ ಹಲಗೆ ಮಾಡಿಸಿ. ಎರಡಡಿಗೆ ಎರಡೂವರೆ ಅಡಿಯ ತುಂಡೊಂದು ಇರಬೇಕು. ಅದು ಸೈಟಿನಲ್ಲಿ ಕಾಣದಿದ್ದರೆ ಮೇಸ್ತ್ರಿಯ ಗಾಡಿಯಲ್ಲಿ ಹುಡುಕಿ.

ಮೇಸ್ತ್ರಿ ಕೂಲಿಯ ಮಾತೇ ಬೇರೆ. ಕೂರಿಸಿದ್ದು 32, ಕೂಲಿಯೂ 32ಕ್ಕೇ. ಅಂಚಿನ ಲೆಕ್ಕ ಪ್ರತ್ಯೇಕ: ನಿಮ್ಮ ನಕ್ಷೆಯ ಪ್ರಕಾರ ಎರಡೂ ತುದಿ ಗೋಡೆಗೆ ತಾಗಿವೆ, ಮುಂದಿನ ಅಂಚು ಏಳು ಏಳು ಹದಿನಾಲ್ಕು ಅಡಿ ಮಾತ್ರ. ಅವರ ಚೀಟಿಯಲ್ಲಿ ಹದಿನಾರು ಹದಿನೆಂಟು ಅಂತ ಇದ್ದರೆ ಮೂಲೆಯನ್ನು ಎರಡು ಸಲ ಅಳೆದಿದ್ದಾರೆ. ಟೇಪು ಅವರ ಕೈಗೇ ಕೊಟ್ಟು ನಿಮ್ಮ ಮುಂದೆ ಅಳೆಸಿ, ಜಗಳವಾಡದೆ ಮುಗಿಯುತ್ತದೆ.

ಪ್ರಶ್ನೆ: ಎಲ್ಲರೂ ಕಪ್ಪು ಕಲ್ಲೇ ಹಾಕಿಸಿ ಅನ್ನುತ್ತಾರೆ. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಯಾವುದು ಒಳ್ಳೆಯದು?
— ಓದುಗರು, ಚಿಂತಾಮಣಿ

ಉತ್ತರ: ಗಡಸು ನೀರು ಅಂತ ನೀವೇ ಉತ್ತರವನ್ನೂ ಬರೆದಿದ್ದೀರಿ. ಕಪ್ಪು ಕಲ್ಲಿಗೆ ಅರಿಶಿನ ಎಣ್ಣೆಯ ಭಯವಿಲ್ಲ, ನಿಜ. ಆದರೆ ನಲ್ಲಿಯ ಸುತ್ತ ನೀರು ಒಣಗಿದಲ್ಲೆಲ್ಲ ಬಿಳಿ ಪೊರೆ ಕೂರುತ್ತದೆ, ದಿನಾ ಒರೆಸಬೇಕು. ಚಾಮರಾಜನಗರದ ಅಚ್ಚ ಕಪ್ಪಿನಲ್ಲಿ ಇದು ಎದ್ದು ಕಾಣುತ್ತದೆ. ಆಂಧ್ರದ ಚೀಮಕುರ್ತಿಯಿಂದ ಬರುವ, ಚುಕ್ಕೆ ಮಿನುಗುವ ಬ್ಲ್ಯಾಕ್ ಗ್ಯಾಲಕ್ಸಿಯಲ್ಲಿ ಸ್ವಲ್ಪ ಮರೆಯಾಗುತ್ತದೆ. ಇಳಕಲ್ಲಿನ ಕೆಂಪು ಕಲ್ಲಿನಂಥ, ಕಾಳು ಕಾಳಾಗಿ ಎರಡು ಮೂರು ಬಣ್ಣ ಬೆರೆತದ್ದು ಹಾಕಿಸಿದರೆ ನೀರಿನ ಕಲೆ, ಸಾರಿನ ಕಲೆ ಎರಡೂ ಬೇಗ ಕಣ್ಣಿಗೆ ಬೀಳುವುದಿಲ್ಲ. ಈಗ ಅದು ಫ್ಯಾಷನ್ ಅಲ್ಲ ಅಂತ ಅಂಗಡಿಯವರು ಮೂಗು ಮುರಿಯುತ್ತಾರೆ, ಮುರಿಯಲಿ. ಪೂರಾ ಬಿಳಿ ಮಾತ್ರ ನಮ್ಮ ಅಡುಗೆಗೆ ಬೇಡ ಅನ್ನುವವಳು ನಾನು.

ಪ್ರಶ್ನೆ: ತಂದಾಗ ಕಡುಕಪ್ಪಾಗಿದ್ದ ಕಲ್ಲು ಒಂದು ವರ್ಷದಲ್ಲಿ ಒಲೆಯ ಸುತ್ತ ಬೂದು ಬಣ್ಣಕ್ಕೆ ತಿರುಗಿದೆ. ಸೋಪು ಹಾಕಿ ಉಜ್ಜಿದಷ್ಟೂ ಮಾಸುತ್ತಿದೆ.
— ಓದುಗರು, ಮಂಡ್ಯ

ಉತ್ತರ: ಬಣ್ಣ ಹಾಕಿದ ಕಲ್ಲಿರಬೇಕು. ಬೂದು ಕಲ್ಲಿಗೆ ಕಪ್ಪು ಬಣ್ಣ ಕುಡಿಸಿ ಮಾರುವುದುಂಟು. ಉಗುರುಬಣ್ಣ ಅಳಿಸುವ ದ್ರವ, ಅಸಿಟೋನ್ ಇರುವಂಥದ್ದು, ಬಿಳಿ ಬಟ್ಟೆಗೆ ಹಚ್ಚಿ ಮೂಲೆಯೊಂದರಲ್ಲಿ ಉಜ್ಜಿ. ಬಟ್ಟೆ ಕಪ್ಪಾದರೆ ಅನುಮಾನವಿಲ್ಲ. ಮತ್ತೆ ಕಪ್ಪು ಮಾಡಿಕೊಡುತ್ತೇವೆ ಅಂತ ಬರುವವರ ಕೈಗೆ ದುಡ್ಡು ಕೊಡಬೇಡಿ, ಅಡುಗೆ ಮಾಡುವ ಜಾಗಕ್ಕೆ ಆ ಬಣ್ಣ ಬೇಡ. ಇನ್ನು ಕೊಳ್ಳುವವರು ಈ ಬಾಟಲಿಯನ್ನೂ ಒಂದು ನಿಂಬೆಹಣ್ಣನ್ನೂ ಚೀಲದಲ್ಲಿ ಹಾಕಿಕೊಂಡೇ ಅಂಗಡಿಗೆ ಹೋಗಿ. ನಿಂಬೆರಸ ಹತ್ತು ನಿಮಿಷ ನಿಂತ ಜಾಗ ಮಂಕಾದರೆ ಅದರಲ್ಲಿ ಸುಣ್ಣದ ಅಂಶವಿದೆ, ಗ್ರಾನೈಟ್ ಎಂದು ಹೇಳಿ ಬೇರೇನನ್ನೋ ಕೊಡುತ್ತಿದ್ದಾರೆ. ಕಡಪ ಕಲ್ಲು, ಶಹಾಬಾದ್ ಕಲ್ಲು ಎರಡೂ ಸುಣ್ಣದ ಕಲ್ಲುಗಳೇ, ಹುಳಿ ಬಿದ್ದರೆ ಸುಡುತ್ತವೆ. ಮೇಲೆ ಕಾಣದ ಚಪ್ಪಡಿಗೆ ಅವು ಚೆನ್ನ.

ಪ್ರಶ್ನೆ: ಕಟ್ಟೆ ಹಾಕಿಸಿ ಎಂಟು ತಿಂಗಳು. ಸಿಂಕಿನ ಮೂಲೆಯಿಂದ ಮುಂದಿನ ಅಂಚಿನವರೆಗೆ ಕೂದಲೆಳೆಯಂಥ ಬಿರುಕು. ಮೇಸ್ತ್ರಿ ಫೋನ್ ಎತ್ತುತ್ತಿಲ್ಲ. ಅಂಗಡಿಯವರು ‘ಬಿಸಿ ಕುಕ್ಕರ್ ಇಟ್ಟಿದ್ದೀರಿ’ ಅನ್ನುತ್ತಾರೆ.
— ಹೆಸರು ಬೇಡ, ಶಿವಮೊಗ್ಗ

ಉತ್ತರ: ಕುಕ್ಕರನ್ನು ಸಿಂಕಿನ ಮುಂದಿನ ಮೂರಿಂಚು ಪಟ್ಟಿಯ ಮೇಲೆ ಯಾರು ತಾಯಿ ಇಡುತ್ತಾರೆ? ಬಿರುಕು ಮೂಲೆಯಿಂದಲೇ ಹೊರಟಿದೆ ಎಂದರೆ ಕೊಯ್ದ ರೀತಿಯ ಮೇಲೇ ನನ್ನ ಅನುಮಾನ. ಕಟರ್ ಬ್ಲೇಡು ಗುಂಡಗಿನದು. ನೇರವಾಗಿ ಮೂಲೆಯವರೆಗೆ ಕೊಯ್ದರೆ ಮೇಲ್ಭಾಗದಲ್ಲಿ ಗೀರು ಮೂಲೆ ದಾಟಿ ಮುಂದೆ ಹೋದಾಗ ಮಾತ್ರ ಕೆಳಭಾಗದಲ್ಲಿ ಕಲ್ಲು ಪೂರಾ ಬಿಡುತ್ತದೆ. ಕಲ್ಲನ್ನು ತಿರುಗಿಸಿ ಹಾಕಿ ಹಿಂಬದಿಯಿಂದ ಕೊಯ್ದಿದ್ದರೆ ಆ ಹೆಚ್ಚುವರಿ ಗೀರು ಕೆಳಗಡೆ ಅಡಗಿರುತ್ತದೆ, ಮೇಲಿಂದ ಕಾಣದು. ದಿನಾ ಪಾತ್ರೆ ಇಟ್ಟು ಎತ್ತುವ ಒತ್ತಡ ಬಂದು ಸೇರುವುದು ಅದೇ ಗೀರಿನ ತುದಿಗೆ. ಕೆಲಸ ಗೊತ್ತಿದ್ದವರು ನಾಲ್ಕು ಮೂಲೆಗೂ ಮೊದಲು ಡ್ರಿಲ್ಲಿನಿಂದ ಗುಂಡು ತೂತು ಹಾಕಿ, ಆ ತೂತಿನಿಂದ ತೂತಿಗೆ ಕೊಯ್ಯುತ್ತಾರೆ, ಗೀರು ತೂತಿನಲ್ಲೇ ನಿಂತುಬಿಡುತ್ತದೆ. ಸಿಂಕಿನ ಕೆಳಗೆ ಟಾರ್ಚ್ ಹಾಕಿ ಆ ಮೂಲೆಯ ಫೋಟೋ ತೆಗೆದಿಡಿ, ಅದೇ ನಿಮ್ಮ ಸಾಕ್ಷಿ.

ಈಗ ತುರ್ತಾಗಿ ಮಾಡಬೇಕಾದ್ದು ಎರಡು. ಆ ಪಟ್ಟಿಯ ಕೆಳಗೆ ಒಂದು ಸ್ಟೀಲ್ ಆಂಗಲ್ ಆಧಾರ ಕೊಡಿಸಿ. ಬಿರುಕನ್ನು ಚೆನ್ನಾಗಿ ಒಣಗಿಸಿ, ಕಲ್ಲಿನ ಬಣ್ಣ ಬೆರೆಸಿದ ತೆಳು ಎಪಾಕ್ಸಿ ಅಂಟು ತುಂಬಿಸಿ. ಗೀರು ಕಂಡೂ ಕಾಣದ ಹಾಗೆ ಉಳಿಯುತ್ತದೆ, ಪೂರ್ತಿ ಮಾಯವಾಗುತ್ತದೆ ಅಂತ ಹೇಳಿದವರನ್ನು ನಂಬಬೇಡಿ.

ದೂರಿನ ವಿಷಯ: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಮೊದಲು ಫೋನ್ ಮಾಡಿ, ಎಷ್ಟೋ ಸಲ ಅಲ್ಲಿಂದ ಹೋದ ಒಂದು ಕರೆಗೇ ಅಂಗಡಿಯವರ ಧ್ವನಿ ಬದಲಾಗುತ್ತದೆ. ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ತೊಂದರೆಯಾದ ಎರಡು ವರ್ಷದೊಳಗೆ ದೂರು ಕೊಡಬೇಕು, ಐದು ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ವಾದಿಸಬಹುದು. ದುಡ್ಡು ಕಳಿಸಿದ ಯುಪಿಐ ದಾಖಲೆ, ವಾಟ್ಸಾಪ್ ಮಾತುಕತೆ, ಫೋಟೋ, ಬಿಲ್ ಎಲ್ಲ ಜೋಡಿಸಿಕೊಳ್ಳಿ. ಬಿಲ್ ಬೇಡ ಅಂದರೆ ಕಡಿಮೆ ಮಾಡಿಕೊಡುತ್ತೇವೆ ಅಂದಿದ್ದಕ್ಕೆ ಒಪ್ಪಿಕೊಂಡಿದ್ದರೆ, ಅಂಗಡಿಯವರ ಮೇಲೆ ಹೋಗುವುದು ಕಷ್ಟವಾಗುತ್ತದೆ.

ಪ್ರಶ್ನೆ: ನಮ್ಮ ಅತ್ತಿಯವರು ಗಿಡ್ಡ ಅದಾರ, ನಾ ಎತ್ತರ. ಮೇಸ್ತ್ರಿ ಎಲ್ಲಾ ಮನಿಗೂ ಒಂದ ಅಳತಿ ಅಂತಾನ. ಕಟ್ಟಿ ಎಷ್ಟು ಎತ್ತರ ಇಡಬೇಕ್ರಿ?
— ಸೊಸೆ, ಹುಬ್ಬಳ್ಳಿ

ಉತ್ತರ: ಸಾಮಾನ್ಯವಾಗಿ ಮೂವತ್ತೆರಡರಿಂದ ಮೂವತ್ತನಾಲ್ಕು ಇಂಚು ಇಡುತ್ತಾರೆ. ನಿಮ್ಮ ಮೇಸ್ತ್ರಿ ಹೇಳಿದ ‘ಒಂದ ಅಳತಿ’ ಅದೇ ಇರಬೇಕು. ಆದರೆ ಹುಬ್ಬಳ್ಳಿ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವುದು ಯಾರು ಅಂತ ಮೊದಲು ಹೇಳಿ! ತರಕಾರಿ ಹೆಚ್ಚಲು ಮೊಣಕೈಗಿಂತ ನಾಲ್ಕಿಂಚು ಕೆಳಗಿದ್ದರೆ ಹಾಯಾಗಿರುತ್ತದೆ, ರೊಟ್ಟಿ ಬಡಿಯಲು ಇನ್ನೂ ತಗ್ಗು ಬೇಕು, ಇಲ್ಲದಿದ್ದರೆ ಹೆಗಲು ಬಿದ್ದುಹೋಗುತ್ತದೆ. ಮೇಲಿಡುವ ಗ್ಯಾಸ್ ಒಲೆಯಾದರೆ ಅದರದ್ದೇ ನಾಲ್ಕೈದು ಇಂಚು ಎತ್ತರ ಇದೆ, ಅದರ ಮೇಲೆ ಪಾತ್ರೆ. ಅತ್ತೆಯವರು ಅನ್ನದ ಪಾತ್ರೆಯೊಳಗೆ ಇಣುಕಲು ತುದಿಗಾಲಲ್ಲಿ ನಿಲ್ಲಬೇಕಾದೀತು.

ಎಲ್ ಆಕಾರದ ಕಟ್ಟೆಯಾದರೆ ನಾನು ಹೇಳುವುದಿಷ್ಟು: ಒಲೆ ಮತ್ತು ರೊಟ್ಟಿಯ ಭಾಗ ಮೂವತ್ತು ಇಂಚು, ಸಿಂಕಿನ ಭಾಗ ಮೂವತ್ತನಾಲ್ಕು. ಮೆಟ್ಟಿಲು ಮೂಲೆಯಲ್ಲೇ ಬರುವುದರಿಂದ ಒರೆಸಲು ತೊಂದರೆಯಿಲ್ಲ. ಸಿಂಕಿನ ತಳ ಕೆಳಗಿರುತ್ತದೆ, ಎತ್ತರದವರಾದ ನೀವು ಪಾತ್ರೆ ತೊಳೆಯಲು ಬಗ್ಗುವುದು ತಪ್ಪುತ್ತದೆ. ನೀವೇ ಯಾಕೆ ತೊಳೆಯಬೇಕು ಎಂಬುದು ಈ ಅಂಕಣದ ವ್ಯಾಪ್ತಿಗೆ ಬರುವುದಿಲ್ಲ. ರೊಟ್ಟಿ ಬಡಿಯುವ ಜಾಗದ ಕೆಳಗೆ ಇಟ್ಟಿಗೆ ಅಡ್ಡಗೋಡೆಯೋ ಚಪ್ಪಡಿಯೋ ಗಟ್ಟಿಯಾಗಿರಲಿ, ಟೊಳ್ಳು ಬಿಟ್ಟ ಕಲ್ಲಿನ ಮೇಲೆ ಬಡಿತ ಬೇಡ. ಇನ್ನೊಂದು, ಈ ಅಳತೆಯೆಲ್ಲ ನೆಲದ ಟೈಲ್ಸಿನ ಮೇಲಿಂದ. ಟೈಲ್ಸ್ ಹಾಕುವ ಮೊದಲೇ ಕಾಂಕ್ರೀಟಿನ ಮೇಲಿಂದ ಅಳೆದು ಕಟ್ಟಿದರೆ ಆಮೇಲೆ ಎರಡು ಮೂರು ಇಂಚು ನೆಲ ನುಂಗುತ್ತದೆ. ಇಬ್ಬರನ್ನೂ ನಿಲ್ಲಿಸಿ, ಗೋಡೆಗೆ ಗುರುತು ಹಾಕಿಸಿ.

ಪ್ರಶ್ನೆ: ಗೋಡೆಗೂ ಕಲ್ಲಿಗೂ ನಡುವೆ ಸಂದು ಬಿಟ್ಟು ನೀರು ಇಳಿಯುತ್ತದೆ. ಕೆಳಗಿನ ಪ್ಲೈವುಡ್ ಬಾಗಿಲೆಲ್ಲ ಉಬ್ಬಿದೆ, ಇರುವೆ ಬೇರೆ.
— ಓದುಗರು, ಶಿರಸಿ

ಉತ್ತರ: ಗೋಡೆ ಟೈಲ್ಸ್ ಮೊದಲು ಅಂಟಿಸಿ, ಆಮೇಲೆ ಕಲ್ಲನ್ನು ಅದಕ್ಕೆ ಒತ್ತಿ ಕೂರಿಸಿರಬೇಕು. ಕಲ್ಲು ಮೊದಲು, ಅದರ ಮೇಲೆ ಕೂರುವ ಹಾಗೆ ಟೈಲ್ಸ್ ಆಮೇಲೆ ಆಗಿದ್ದರೆ ಗೋಡೆಯಿಂದ ಇಳಿದ ನೀರು ಕಲ್ಲಿನ ಮೇಲೇ ಬೀಳುತ್ತಿತ್ತು. ಈಗ ಸಂದಿನಲ್ಲಿರುವ ಬಿಳಿ ಸಿಮೆಂಟನ್ನು ಪೂರ್ತಿ ಕೆರೆದು ತೆಗೆದು, ಎರಡು ದಿನ ಒಣಗಲು ಬಿಟ್ಟು, ಬೂಸ್ಟು ಹಿಡಿಯದ ಸಿಲಿಕೋನ್ ತುಂಬಿಸಿ. ಮಳೆಗಾಲದಲ್ಲಿ ನಿಮ್ಮ ಊರಿನಲ್ಲಿ ಎರಡು ದಿನಕ್ಕೆ ಒಣಗುವುದು ಸುಳ್ಳು, ಹೇರ್ ಡ್ರೈಯರ್ ಹಿಡಿಯಿರಿ. ಬಾಗಿಲು ಉಬ್ಬಿದ್ದು ಬಹುಶಃ ಮುಂದಿನ ಅಂಚಿನಿಂದ. ಒರೆಸಿದ ನೀರು ಅಂಚು ಸುತ್ತಿ ಕಲ್ಲಿನ ಅಡಿಗೇ ಹರಿದು ಮರಕ್ಕೆ ಸೇರುತ್ತದೆ. ಹೊಸ ಕಟ್ಟೆಯಾದರೆ ಅಂಚಿನಿಂದ ಅರ್ಧ ಇಂಚು ಒಳಗೆ, ಅಡಿಯಲ್ಲಿ, ಉದ್ದಕ್ಕೂ ಒಂದು ಸಣ್ಣ ಗೀರು ಹೊಡೆಸಿರುತ್ತಾರೆ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ನಿಮಗೆ ಈಗ ಅದೇ ಜಾಗದಲ್ಲಿ ಸಿಲಿಕೋನಿನದೇ ಒಂದು ಏರಿ ಎಳೆಸಿದರೆ ಸಾಕು.

ಪ್ರಶ್ನೆ: ಗ್ರಾನೈಟ್‌ನಿಂದ ವಿಕಿರಣ ಬರುತ್ತದೆ ಎಂದು ಮಗ ಹೇಳುತ್ತಾನೆ. ನಿಜವೇ?
— ನಿವೃತ್ತ ಉದ್ಯೋಗಿ, ಮೈಸೂರು

ಉತ್ತರ: ಗ್ರಾನೈಟ್‌ನಲ್ಲಿ ಯುರೇನಿಯಂ, ಥೋರಿಯಂ ಅತ್ಯಲ್ಪ ಪ್ರಮಾಣದಲ್ಲಿ ಇರುತ್ತವೆ, ರೇಡಾನ್ ಅನಿಲವೂ ತುಸು ಬರುತ್ತದೆ. ಮನೆಯ ಕೆಳಗಿನ ಮಣ್ಣಿನಿಂದ ಬರುವುದರ ಮುಂದೆ ಕಟ್ಟೆಯದು ಸಾಮಾನ್ಯವಾಗಿ ತೀರಾ ಕಡಿಮೆ. ಅಡುಗೆಮನೆ ಕಿಟಕಿ ತೆರೆದಿಡಿ. ಮಗನಿಗೆ ಕಾಳಜಿ ಇದ್ದರೆ ಕಲ್ಲು ಕೊಯ್ಯುವ ದಿನ ಮನೆಯಲ್ಲಿರಲು ಹೇಳಿ. ಆ ದೂಳಿನಲ್ಲಿ ಸಿಲಿಕಾ ಇರುತ್ತದೆ, ವರ್ಷಗಟ್ಟಲೆ ಉಸಿರಾಡಿದವರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಬರಬಹುದು, ಅದಕ್ಕೆ ವಾಸಿಯಾಗುವ ಮದ್ದಿಲ್ಲ. ನೀರಿನ ಪೈಪು ಎಳೆದುಕೊಡುವುದು, ಕೆಲಸದವರಿಗೆ ಒಳ್ಳೆಯ ಮಾಸ್ಕ್ ತಂದುಕೊಡುವುದು ನಿಮ್ಮಿಂದ ಆಗುವ ಕೆಲಸ. ಕರವಸ್ತ್ರ ಕಟ್ಟಿಕೊಂಡರೆ ಪ್ರಯೋಜನವಿಲ್ಲ.

ಪ್ರಶ್ನೆ: ಶ್ರಾವಣದಲ್ಲಿ ಗೃಹಪ್ರವೇಶ. ಆಷಾಢದಲ್ಲಿ ಕಟ್ಟೆ ಕಲ್ಲು ಕೂರಿಸಬಹುದೇ?
— ಓದುಗರು, ಅರಸೀಕೆರೆ

ಉತ್ತರ: ಶಾಸ್ತ್ರ ನಿಮ್ಮ ಪುರೋಹಿತರನ್ನು ಕೇಳಿ. ಉಸ್ತುವಾರಿಯಾಗಿ ನನಗೆ ಆಷಾಢದಷ್ಟು ಇಷ್ಟದ ತಿಂಗಳಿಲ್ಲ: ಒಳ್ಳೆಯ ಮೇಸ್ತ್ರಿಗಳು ಕೈಗೆ ಸಿಗುತ್ತಾರೆ, ಅವಸರ ಮಾಡುವುದಿಲ್ಲ. ಶ್ರಾವಣ ಬಂತೆಂದರೆ ಒಂದೇ ದಿನ ಮೂರು ಮನೆಯಲ್ಲಿ ಕೆಲಸ ಒಪ್ಪಿಕೊಂಡಿರುತ್ತಾರೆ. ಈ ಕೆಲಸದಲ್ಲಿ ರಾಜಸ್ಥಾನದವರು ಬಹಳ, ಹೋಳಿ ಹಬ್ಬಕ್ಕೆ, ದೀಪಾವಳಿಗೆ ಊರಿಗೆ ಹೋದರೆ ಬರುವುದು ಯಾವಾಗಲೋ. ಮುಂಗಡ ಕೊಡುವಾಗ ಹಬ್ಬದ ದಿನಗಳನ್ನೂ ನೋಡಿಕೊಳ್ಳಿ.

ಮಳೆಯ ದಿನ ಒಂದು ಎಚ್ಚರ. ನೀರು ಹಾಕಿ ಕೊಯ್ಯುವ ಮಷಿನ್, 230 ವೋಲ್ಟ್ ಕರೆಂಟ್, ಒದ್ದೆ ನೆಲ. ತಾತ್ಕಾಲಿಕ ಮೀಟರ್ ಬೋರ್ಡಿನಲ್ಲಿ ಸೋರಿಕೆ ಕಂಡ ಕೂಡಲೇ ಕರೆಂಟ್ ಕಡಿಯುವ ಇಎಲ್‌ಸಿಬಿ ಇದೆಯೇ ಅಂತ ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಅದರ ಗುಂಡಿ ಒತ್ತಿ ಪರೀಕ್ಷಿಸಿ, ಆಮೇಲೆ ಕೆಲಸ ಶುರು ಮಾಡಿಸಿ. ಗೃಹಪ್ರವೇಶಕ್ಕೆ ಎರಡು ಮೂರು ವಾರ ಮುಂಚೆ ಕಲ್ಲು ಕೂತಿರಲಿ. ತಿಳಿ ಬಣ್ಣದ ಕಲ್ಲಾದರೆ ಅಡಿಯ ಸಿಮೆಂಟಿನ ತೇವ ಪೂರ್ತಿ ಆರಿದ ಮೇಲೆ, ಕಲೆ ಇಳಿಯದಂತೆ ತಡೆಯುವ ಸೀಲರ್ ದ್ರವ ಹಚ್ಚಿಸಿ, ಹಾಲು ಉಕ್ಕಿಸುವ ಒಲೆಯನ್ನು ಆಮೇಲೇ ಅದರ ಮೇಲಿಡಿ. ಅರಿಶಿನ ಕುಂಕುಮ ಹಚ್ಚುವವರು ಕಲ್ಲಿಗೆ ಹಚ್ಚದೆ ಒಲೆಗೆ ಹಚ್ಚಿ.